ಚಕ್ರದ ಮೇಲಿನ ಬಾಡಿಗೆ ಮನೆ

ನಿಜ ಹೇಳಿ, ನ್ಯೂಜಿಲೆಂಡಿಗೆ ಬಂದು ಆಕ್ಲೆಂಡಿನಲ್ಲಿ ಕ್ಯಾಂಪರ್‌ವ್ಯಾನಿನ ಕೀ ಕೈಗೆ ಬಂದ ದಿನ ಏನಂದ್ರಿ? 'ಅಯ್ಯೋ, ಈ ಡಬ್ಬಿಯೊಳಗೆ ನಲವತ್ತು ದಿನವೇ?' ಅಂದ್ರಿ. ಈಗ ಟೆಕಾಪೋ ಸರೋವರದ ದಂಡೇಲಿ ಅದೇ ಡಬ್ಬಿಯ ಬಾಗಿಲು ಸವರ್ತಾ ನಿಂತಿದೀರಿ. ಇಲ್ಲಿಂದ ಕ್ರೈಸ್ಟ್‌ಚರ್ಚಿಗೆ ಮೂರು ಗಂಟೆ ದಾರಿ. ಗಾಡಿ ವಾಪಸ್ ಕೊಡೋದು ನಾಡಿದ್ದು. ಮೂರು ಗಂಟೆ ದಾರಿಗೆ ಎರಡು ದಿನ ಯಾಕೆ ಇಟ್ಕೊಂಡ್ರಿ? (ರಿಲ್ಯಾಕ್ಸ್ ಮಾಡೋಕೆ ಅಂತ ಸುಳ್ಳು ಬೇಡ. ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ.)

ನಿನ್ನೆ ಪುಕಾಕಿ ಸರೋವರದ ಹತ್ರ ಮಾಡಿದ್ದು ಮರೆತ್ರಾ? ಹಾಲು ಬೆರೆಸಿದ ಹಾಗಿರೋ ನೀಲಿ ನೀರು, ಆಚೆ ತುದಿಗೆ 3,724 ಮೀಟರಿನ ಮೌಂಟ್ ಕುಕ್. ಹಿಮನದಿ ಬಂಡೆಗಳನ್ನ ಹಿಟ್ಟಿನ ಗಿರಣಿ ಥರ ಅರೆಯುತ್ತೆ, ಆ ಹಿಟ್ಟು ನೀರಲ್ಲಿ ತೇಲೋದಕ್ಕೇ ಈ ಬಣ್ಣ ಅಂತ ಮನೆಯವರಿಗೆಲ್ಲ ಪಾಠ ಮಾಡಿದ್ರಿ. ಹತ್ತು ಕಿಲೋಮೀಟರ್ ಮುಂದೆ ಬಂದವರು ಗಾಡಿ ತಿರುಗಿಸಿ ಮತ್ತೆ ಹೋದ್ರಿ. ಅರವತ್ತು ಫೋಟೋ ಹೊಡೆದ್ರಿ. ಅಷ್ಟರಲ್ಲೂ ಬೆಟ್ಟ ಕಾಲು ಭಾಗ, ಮುಕ್ಕಾಲು ವ್ಯಾನೇ ಇದೆ!

ಇನ್ನು ಆ ಕೈ ಬೀಸೋದು. ಎದುರಿಗೆ ಬರೋ ಕ್ಯಾಂಪರ್‌ನವರಿಗೆ ಮೊದಮೊದಲು ನಾಚ್ಕೊಂಡು ಒಂದು ಬೆರಳು ಎತ್ತುತ್ತಿದ್ರಿ. ಈಗ ಒಂಟಿ ಲೇನಿನ ಸೇತುವೆ ಮೇಲೆ ದಾರಿ ಬಿಟ್ಟ ಹಾಲಿನ ಲಾರಿಗೂ ಮದುವೆ ಮನೆ ಬಾಗಿಲಲ್ಲಿ ನಿಂತವರ ಹಾಗೆ ಕೈ ಆಡಿಸ್ತೀರಿ. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಪಕ್ಕದ ಮನೆಯವರಿಗೆ ಎಂದಾದ್ರೂ ನಕ್ಕಿದ್ದುಂಟಾ?

ಸರಿ, ಸಾಮಾನು ತೆಗೀರಿ. ಹೊರಗೆ ಬರಲಿ, ನೋಡೋಣ. ಅರ್ಧ ಬಾಟ್ಲಿ ಎಣ್ಣೆ, ಮುಕ್ಕಾಲು ಪ್ಯಾಕೆಟ್ ಉಪ್ಪು, ಒಂದೂವರೆ ಸೇರು ಅಕ್ಕಿ, ಹನ್ನೊಂದು ಟೀ ಬ್ಯಾಗು. ಜೊತೆಗೆ ಚಟ್ನಿಪುಡಿ. (ಇಲ್ಲಿಗೆ ಬಂದಿಳಿದಾಗ ತಿನ್ನೋ ಪದಾರ್ಥ ಫಾರಂನಲ್ಲಿ ಬರೀದೆ ಇದ್ರೆ 400 ಡಾಲರ್ ದಂಡ ಅಂತ ಹೆದರಿ, ಇದನ್ನ 'ಕೊಬ್ಬರಿ, ಬೇಳೆ, ಮೆಣಸಿನಕಾಯಿ' ಅಂತ ಬಿಡಿಬಿಡಿಯಾಗಿ ಬರೆದವರು ನೀವೇ.) ಅದು ಇಷ್ಟು ದಿನ ಯಾಕೆ ಉಳೀತು? 'ಕಷ್ಟಕ್ಕೆ ಇರಲಿ' ಅಂತ ಎತ್ತಿಟ್ರಿ. ಕಷ್ಟವೇ ಬರಲಿಲ್ಲ, ಪಾಪ.

ರಾತ್ರಿ ವ್ಯಾನ್ ನಿಲ್ಲಿಸೋ ಹಾಲಿಡೇ ಪಾರ್ಕಿನ ಅಡುಗೆಮನೇಲಿ 'ಫ್ರೀ' ಅಂತ ಚೀಟಿ ಅಂಟಿಸಿದ ಶೆಲ್ಫು ಇರುತ್ತಲ್ಲ, ಹೊರಡೋರು ಮಿಕ್ಕಿದ್ದು ಇಟ್ಟು ಹೋಗ್ತಾರೆ, ಬರೋರು ತಗೊಳ್ತಾರೆ. ನಲವತ್ತು ದಿನ ಅದರಿಂದ ಪಾಸ್ತಾ ತಗೊಂಡ್ರಿ, ಜಾಮ್ ತಗೊಂಡ್ರಿ, ಯಾರೋ ಬಿಟ್ಟುಹೋದ ಬಟ್ಟೆ ಕ್ಲಿಪ್ಪು ಸಹ ಬಿಡಲಿಲ್ಲ. ಇವತ್ತು ಇಡೋ ಸರದಿ ನಿಮ್ಮದು. ಅಕ್ಕಿ ಇಟ್ರಿ. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದ್ರಿ. ವಾಪಸ್ ಬಂದು, 'ನಾಳೆ ಒಂದು ಹೊತ್ತಿಗೆ ಬೇಕಾಗುತ್ತೆ' ಅಂತ ಎರಡು ಲೋಟ ಅಳೆದುಕೊಂಡು ಹೋದ್ರಿ. ನಾನು ನೋಡಲಿಲ್ಲ ಅಂದ್ಕೊಂಡ್ರಾ?

ಟಾಯ್ಲೆಟ್ ಕ್ಯಾಸೆಟ್ ವಿಷಯ ಜಾಸ್ತಿ ಮಾತಾಡೋದು ಬೇಡ. ಅದನ್ನ ಡಂಪ್ ಸ್ಟೇಷನ್‌ಗೆ ಒಯ್ದು ಬರಿದು ಮಾಡೋರು ಯಾರು ಅಂತ ಮೊದಲ ವಾರ ಗಂಡ-ಹೆಂಡ್ತಿ ನಡುವೆ ಶೀತಯುದ್ಧ. ಕೊನೇ ದಿನ ಮಾತ್ರ 'ಬಿಡು, ನಾನೇ ಹೋಗ್ತೀನಿ' ಅಂದ್ರಲ್ಲ, ಆ ದನಿಯಲ್ಲಿ ಅದೇನು ತ್ಯಾಗ!

ಡೀಸೆಲ್ ಕತೆ ಬೇರೆ. ಪೆಟ್ರೋಲಿಗಿಂತ ಅಷ್ಟು ಅಗ್ಗವಾ ಅಂತ ಮೊದಲ ಬಂಕಿನಲ್ಲೇ ಕುಣಿದಿದ್ರಿ. ಇಲ್ಲಿ ಪೆಟ್ರೋಲಿನ ರಸ್ತೆ ತೆರಿಗೆ ಬಂಕಿನ ರೇಟಲ್ಲೇ ಸೇರಿರುತ್ತೆ. ಡೀಸೆಲ್ ಗಾಡಿಗೆ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಬೇರೆಯಾಗಿ. ಆ ಬಿಲ್ಲು ಕೊಡೋದು ಗಾಡಿ ಒಪ್ಪಿಸುವಾಗ. ಪುಕಾಕಿಗೆ ಎರಡು ಸಲ ಹೋದದ್ದೂ ಅದರಲ್ಲಿದೆ.

ಗಾಡಿ ಒಪ್ಪಿಸೋ ದಿನ ಬೆಳಗ್ಗೆ ನೀವು ಮಾಡಿದ ಕ್ಲೀನಿಂಗ್ ನೋಡಿದ್ರೆ ನಿಮ್ಮ ಅಮ್ಮ ಮೂರ್ಛೆ ಹೋಗ್ತಿದ್ರು. ಸ್ಟೌವ್ ಉಜ್ಜಿದ್ರಿ, ಫ್ರಿಜ್ಜಿನ ರಬ್ಬರ್ ಒರೆಸಿದ್ರಿ, ವೆಸ್ಟ್ ಕೋಸ್ಟಿನಲ್ಲಿ ಕಚ್ಚಿ ಕಚ್ಚಿ ಕೊಂದ ಸ್ಯಾಂಡ್‌ಫ್ಲೈ ಹೆಣಗಳನ್ನ ಕಿಟಕಿ ಸಂದಿಯಿಂದ ಟೂತ್‌ಬ್ರಷ್ಷಲ್ಲಿ ತೆಗೆದ್ರಿ. ನಿಮ್ಮ ಭಯ ಗೊತ್ತು ಬಿಡಿ. ಬೆಂಗಳೂರಲ್ಲಿ ಬಾಡಿಗೆ ಮನೆ ಬಿಟ್ಟವರು ನೀವು. ಗೋಡೆಗೆ ಹೊಡೆದ ಒಂದು ಮೊಳೆ ತೋರಿಸಿ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರ್ಕೊಂಡ ಆ ಓನರ್ ಇನ್ನೂ ಕನಸಲ್ಲಿ ಬರ್ತಾನೆ ಅಲ್ವಾ?

ಕೊನೆಗೆ ಗಾಡಿ ಒಪ್ಪಿಸೋ ಡಿಪೋದಲ್ಲಿ ಏನಾಯ್ತು? ಒಂದು ಹುಡುಗಿ ಬಂದಳು, ಸುತ್ತ ಒಂದು ರೌಂಡ್ ಹಾಕಿದಳು, ಒಳಗೆ ಇಣುಕಿದಳು, 'ಆಲ್ ಗುಡ್' ಅಂದಳು. ಐದು ನಿಮಿಷ. ಡಿಪಾಸಿಟ್ ಪೂರ್ತಿ ವಾಪಸ್. ಖುಷಿ ಪಡೋದು ಬಿಟ್ಟು ಮುಖ ಯಾಕೆ ಊದಿಸ್ಕೊಂಡ್ರಿ? ಫ್ರಿಜ್ಜಿನ ರಬ್ಬರ್ ಅವಳು ನೋಡಲಿಲ್ಲ ಅಂತ ತಾನೇ?

ಏರ್‌ಪೋರ್ಟಿನ ಶಟಲ್ ಬಂತು. ಮನೆಯವರೆಲ್ಲ ಹತ್ತಿದ್ರು. ನೀವು ಎಲ್ಲಿ? ಅಲ್ಲಿ, ಆಗ ತಾನೇ ಆ ವ್ಯಾನಿನ ಕೀ ತಗೊಂಡ ಯಾವುದೋ ಜರ್ಮನ್ ಜೋಡಿ ಎದುರು ನಿಂತು ಹರಕು ಇಂಗ್ಲಿಷಲ್ಲಿ, 'ಎರಡನೇ ಡ್ರಾಯರ್ ಎಳೆಯೋವಾಗ ಸ್ವಲ್ಪ ಮೇಲಕ್ಕೆತ್ತಿ. ಪಂಪ್ ಸದ್ದು ಮಾಡಿದ್ರೆ ಹೆದರಬೇಡಿ, ಅದು ಯಾವಾಗ್ಲೂ ಹಾಗೇನೇ. ಮತ್ತೆ, ಒಂದು ನಿಮಿಷ…' ಅಂತ ಬ್ಯಾಗಿನಿಂದ ಚಟ್ನಿಪುಡಿ ತೆಗೀತಾ ಇದೀರಿ. ಶಟಲ್‌ನವನು ಮೂರನೇ ಸಲ ಹಾರ್ನ್ ಹೊಡೀತಿದಾನೆ.