ತೂಕ ಇಳಿಸುವವರ ಪಂಚಾಂಗ

ಅಹಮದಾಬಾದಿನಲ್ಲಿ ತೂಕ ಇಳಿಸುವ ಸಂಕಲ್ಪದ ಆಯುಸ್ಸು ಹದಿಮೂರೇ ದಿನ. ಜನವರಿ 1ಕ್ಕೆ ಹುಟ್ಟುತ್ತದೆ. 14ರ ಉತ್ತರಾಯಣಕ್ಕೆ ಗಾಳಿಪಟದ ಜತೆ ಉಂಧಿಯು ಪಲ್ಯವೂ ಜಿಲೇಬಿಯೂ ಮಾಳಿಗೆ ಏರಿದಾಗ ತೀರಿಕೊಳ್ಳುತ್ತದೆ. ವೈಕುಂಠ ಸಮಾರಾಧನೆಯ ಊಟವೂ ಅಲ್ಲೇ ಮುಗಿಯುವುದರಿಂದ ಬಂಧುಗಳಿಗೆ ಪ್ರತ್ಯೇಕ ಖರ್ಚಿಲ್ಲ. ಜಿಮ್‌ನವರು ಇದನ್ನೆಲ್ಲ ಬಲ್ಲವರು. ಆದ್ದರಿಂದಲೇ ವರ್ಷದ ಶುಲ್ಕವನ್ನು ಮೊದಲ ವಾರದಲ್ಲೇ ಎಣಿಸಿಕೊಳ್ಳುತ್ತಾರೆ.

ಕುಂದಾಪುರದ ಕಡೆಯಿಂದ ಹೋಗಿ ವಡೋದರಾದಲ್ಲಿ ನೆಲೆಸಿರುವ ಗೆಳೆಯರೊಬ್ಬರದು ಒಂದೇ ಗೋಳು: "ಮೋಟಿವೇಶನ್ನೇ ಇಲ್ಲ ಮಾರಾಯ್ರೆ. ಬೆಳಿಗ್ಗೆ ಏಳಲಿಕ್ಕೆ ಮನಸ್ಸೇ ಬರುವುದಿಲ್ಲ." ಇದೇ ಮಹಾನುಭಾವರು ನವರಾತ್ರಿ ಬಂದರೆ ಒಂಬತ್ತೂ ರಾತ್ರಿ ಗರ್ಬಾ ಮೈದಾನದಲ್ಲಿ ಬೆವರಿಳಿಸಿ ಕುಣಿಯುತ್ತಾರೆ. ಆಗ ಮಂಡಿ ನೋವಿಲ್ಲ, ಆಫೀಸಿನ ಆಯಾಸವಿಲ್ಲ. ಯುನೆಸ್ಕೊ 2023ರಲ್ಲಿ ಗರ್ಬಾವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು; ವ್ಯಾಯಾಮದ ಪಟ್ಟಿಗೆ ಸೇರಿಸಿದ್ದರೆ ಮೈದಾನ ಖಾಲಿಯಾಗುತ್ತಿತ್ತು. ಹತ್ತನೆಯ ಬೆಳಿಗ್ಗೆ ದಸರಾ. ಊರಿಗೆ ಊರೇ ಫಾಫಡಾ–ಜಿಲೇಬಿಯ ಸಾಲಿನಲ್ಲಿ ನಿಂತಿರುತ್ತದೆ. ಒಂಬತ್ತು ರಾತ್ರಿ ಕರಗಿದ್ದು ಒಂದೇ ಮುಂಜಾನೆ ಬಡ್ಡಿ ಸಮೇತ ವಾಪಸು.

ಅಷ್ಟಕ್ಕೇ ಬಿಡುವ ಊರಲ್ಲ ಸೂರತ್. ಉಂಡರೆ ಸೂರತ್‌ನಲ್ಲಿ ಉಣ್ಣಬೇಕು, ಸತ್ತರೆ ಕಾಶಿಯಲ್ಲಿ ಸಾಯಬೇಕು ಎಂಬ ಗಾದೆಯನ್ನು ಆ ಊರಿನವರು ಆರೋಗ್ಯ ಇಲಾಖೆಯ ಆದೇಶದಂತೆ ಪಾಲಿಸುತ್ತಾರೆ. ಶರದ್ ಪೂರ್ಣಿಮೆಯ ಮರುದಿನ ಅಲ್ಲಿ ಚಾಂದನಿ ಪಡವೋ. ಅಂದು ಘಾರಿ ತಿನ್ನಲೇಬೇಕು. ಒಳಗೆ ಖೋವಾ, ಬಾದಾಮಿ, ಪಿಸ್ತಾ, ಹೊರಗೆ ಮೈದಾ, ಕರಿದದ್ದು ಸಾಲದೆಂದು ಮೇಲೆ ಹೆಪ್ಪುಗಟ್ಟಿದ ತುಪ್ಪದ ಬಿಳಿ ಹೊದಿಕೆ. ಪಂಚಾಂಗದಲ್ಲಿ ಆಮೇಲೆ ದೀಪಾವಳಿ, ಮದುವೆಗಳು, ಚಳಿಗಾಲದ ಹಸಿಜೋಳದ ಪೋಂಕ್. ಬೇಸಿಗೆಗೆ ಕೇಸರ್ ಮಾವಿನ ರಸ–ಪೂರಿ. ಶ್ರಾವಣಕ್ಕೆ ಉಪವಾಸ. ಉಪವಾಸವೆಂದರೆ ಅನ್ನ, ಗೋಧಿ ಬಿಡಬೇಕು, ಸರಿ. ಸಾಬೂದಾನಿ ವಡೆ, ಫರಾಳಿ ಪ್ಯಾಟಿಸ್, ಆಲೂಗಡ್ಡೆ ಚಿವಡಾ ಬಿಡಬೇಕೆಂದು ಯಾವ ಋಷಿ ಹೇಳಿದ್ದಾನೆ? ನಮ್ಮ ಏಕಾದಶಿಯ ಅವಲಕ್ಕಿ–ಉಪ್ಪಿಟ್ಟಿನವರು ಒಮ್ಮೆ ಹೋಗಿ ಕಲಿತು ಬರುವುದು ಒಳ್ಳೆಯದು.

ಅದೇ ಊರಿನ ಜೈನರ ಮನೆಯ ಅಜ್ಜಿ ಪರ್ಯೂಷಣದಲ್ಲಿ ಅಠ್ಠಾಯಿ ಹಿಡಿದರೆ ಎಂಟು ದಿನ ಬರೀ ಕಾಯಿಸಿದ ನೀರು, ಅದೂ ಹೊತ್ತು ಮುಳುಗುವುದರೊಳಗೆ. ಆಕೆಯ ಫೋನಿನಲ್ಲಿ ಪ್ರೇರಣೆ ಕೊಡುವ ಆ್ಯಪ್ ಇಲ್ಲ. "ಎಷ್ಟು ಕೆ.ಜಿ. ಇಳಿದಿರಿ ಅಜ್ಜಿ?" ಎಂದು ಕೇಳಿ ನೋಡಿ, ತಲೆ ನೆಟ್ಟಗಿದೆಯೇ ಎಂಬಂತೆ ನಿಮ್ಮನ್ನೇ ನೋಡುತ್ತಾಳೆ.

ಅಂದರೆ ಪ್ರೇರಣೆಗೆ ಬರವಿಲ್ಲ. ಬೇಕಾದದ್ದಕ್ಕೆ ಅದು ತಾನಾಗಿ ಬರುತ್ತದೆ. ನಮಗೆ ಬೇಕಾಗಿರುವುದು ಇಳಿದ ತೂಕವಲ್ಲ, "ಇಳಿಸ್ತಾ ಇದ್ದೀನಿ" ಎಂದು ಹೇಳಿಕೊಳ್ಳುವ ಸುಖ. ಅಹಮದಾಬಾದಿನ ಮಾಣೇಕ್ ಚೌಕದಲ್ಲಿ ಹಗಲು ಚಿನ್ನವನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ರಾತ್ರಿ ಅದೇ ಚೌಕ ತಿಂಡಿಪೇಟೆಯಾದಾಗ ಪಾವ್‌ಭಾಜಿಯ ಕಾವಲಿಗೆ ಬೀಳುವ ಬೆಣ್ಣೆಗೆ ತಕ್ಕಡಿಯೇ ಇಲ್ಲ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಸಬರಮತಿ ರಿವರ್‌ಫ್ರಂಟ್‌ನಲ್ಲಿ ವಾಕಿಂಗ್ ಮುಗಿಸಿ ಬಂದವರು ಎಂದು ಬಾಜಿ ಕಟ್ಟಬಲ್ಲೆ.

ಆ ನದಿ ದಂಡೆಯಿಂದ ನಿಜವಾಗಿ ನಡೆದವರು ಒಬ್ಬರಿದ್ದರು. 1930ರ ಮಾರ್ಚ್ 12ರಂದು ಹೊರಟು, ಅರವತ್ತು ದಾಟಿದ ಕಾಲುಗಳಲ್ಲಿ, ಸುಮಾರು 385 ಕಿ.ಮೀ. ದೂರದ ದಂಡಿ ಸೇರಿದರು. ಹೆಜ್ಜೆ ಎಣಿಸುವ ವಾಚು ಕಟ್ಟಿರಲಿಲ್ಲ. ದಾರಿಯಲ್ಲಿ, ಸೂರತ್ ಜಿಲ್ಲೆಯ ಭಟಗಾಂವ್‌ನಲ್ಲಿ, ಯಾತ್ರಿಕರಿಗೆಂದು ಸೂರತ್‌ನಿಂದ ಮೋಟಾರಿನಲ್ಲಿ ಹಾಲು ತರಿಸಿದ್ದು ಗೊತ್ತಾಗಿ ಗಾಂಧೀಜಿ ಎಲ್ಲರೆದುರೇ ತರಾಟೆಗೆ ತೆಗೆದುಕೊಂಡರು. ಈಗ ನಾವು ಸೋಫಾದಲ್ಲೇ ಕೂತಿರುತ್ತೇವೆ, ಮೋಟಾರು ಖಮಣ್ ತರುತ್ತದೆ. ಬೈಯುವವರು ಇಲ್ಲ, ತಂದವರೇ ಐದು ನಕ್ಷತ್ರ ಕೊಡಿ ಎನ್ನುತ್ತಾರೆ.

2025ರ ಫೆಬ್ರವರಿಯ 'ಮನ್ ಕಿ ಬಾತ್'ನಲ್ಲಿ ಇದೇ ನೆಲದ ಪ್ರಧಾನಿ ಎರಡು ಮಾತು ಹೇಳಿದರು: ಅಡುಗೆ ಎಣ್ಣೆಯನ್ನು ಶೇ 10ರಷ್ಟು ತಗ್ಗಿಸಿ, ಈ ಸವಾಲನ್ನು ಹತ್ತು ಜನಕ್ಕೆ ದಾಟಿಸಿ. ಎರಡನೆಯದು ಸುಲಭ, ಹೆಬ್ಬೆರಳು ಸಾಕು.

ಗುಜರಾತಿಗಳನ್ನು ಕಂಡು ಇಷ್ಟು ನಕ್ಕೆವಲ್ಲ, ಈಗ ಲೆಕ್ಕ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅತಿತೂಕದ ಗಂಡಸರು ಗುಜರಾತಿನಲ್ಲಿ ಶೇ 20ರ ಆಸುಪಾಸು. ಬೆಣ್ಣೆದೋಸೆಯ ಕರ್ನಾಟಕದಲ್ಲಿ ಶೇ 30ಕ್ಕೂ ಮೇಲೆ.