ಲಂಡನ್ ಡಾಕ್ಟರು

ಲಂಡನ್ ಡಾಕ್ಟರನ್ನು ಕಣ್ಣಾರೆ ಕಂಡವರಿಲ್ಲ. ಆದರೆ ಅವರ ಪರಿಚಯವಿಲ್ಲದ ಬೀದಿ ಬೆಂಗಳೂರಿನಲ್ಲಿ ಇರಲಾರದು. ಮ್ಯಾಟ್ರಿಮೋನಿ ಸೈಟಿನಲ್ಲೋ ಫೇಸ್‌ಬುಕ್ಕಿನಲ್ಲೋ ಫೋಟೊ ಇರುತ್ತದೆ: ಐವತ್ತರ ಆಸುಪಾಸು, ನೀಟಾಗಿ ಕತ್ತರಿಸಿದ ನರೆಗಡ್ಡ, ಕೊರಳಲ್ಲಿ ಸ್ಟೆತಾಸ್ಕೋಪು. ಮೂಳೆ ಡಾಕ್ಟರು ಸ್ಟೆತಾಸ್ಕೋಪು ಹಾಕಿಕೊಂಡು ಕಾರಿಗೆ ಒರಗಿ ಯಾಕೆ ನಿಂತಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಹೆಂಡತಿ ತೀರಿಕೊಂಡಿದ್ದಾರೆ. ಕ್ಯಾನ್ಸರು, ಇಲ್ಲವೇ ಆಕ್ಸಿಡೆಂಟು. ಮೂರನೆಯ ಕಾರಣ ಆ ಮನೆಗೆ ಕಾಲಿಟ್ಟಿಲ್ಲ. ಒಬ್ಬಳೇ ಮಗಳು, ಬೋರ್ಡಿಂಗ್ ಶಾಲೆಯಲ್ಲಿದ್ದಾಳೆ, ವಯಸ್ಸು ಒಂಬತ್ತು. ನಾನು ಕಂಡಂತೆ 2014ರಲ್ಲೂ ಒಂಬತ್ತೇ.

ಕುಡಿತವಿಲ್ಲ, ಸಿಗರೇಟಿಲ್ಲ, ದೇವರೆಂದರೆ ಭಕ್ತಿ. ಇರುವ ಐಬು ಒಂದೇ, ಫೋನಿನ ಕ್ಯಾಮೆರಾ ಸದಾ ಕೆಟ್ಟಿರುತ್ತದೆ. ಅಷ್ಟು ಸಂಪಾದಿಸುವವರು ಅದನ್ನೊಂದು ರಿಪೇರಿ ಮಾಡಿಸಬಾರದೇ ಎನ್ನಿಸುತ್ತದೆ ನಿಜ. ಪುರುಸೊತ್ತು ಬೇಕಲ್ಲ, ಅವರು ಆಪರೇಷನ್ ಥಿಯೇಟರಿನಿಂದಲೇ ಮೆಸೇಜು ಮಾಡುವಷ್ಟು ಬಿಜಿ.

ನಮ್ಮ ಬೀದಿಯ ಕೆಇಬಿ ಅಕ್ಕನಿಗೆ ಗಂಟುಬಿದ್ದವರು ಇವರೇ. ಅಕ್ಕ ಕೆಇಬಿಯ ರೆವಿನ್ಯೂ ಸೆಕ್ಷನ್ನಿನಲ್ಲಿ ಸವೆದು ರಿಟೈರಾದವರು. ಯಜಮಾನರು ಹೋಗಿ ಬಹಳ ವರ್ಷವಾಯಿತು. ಮಗ ಸಿಯಾಟಲ್‌ನಲ್ಲಿದ್ದಾನೆ, ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ "ಮಾತ್ರೆ ತಗೊಂಡ್ಯಾ?" ಎಂದು ಇಟ್ಟುಬಿಡುತ್ತಾನೆ. ಸೊಪ್ಪಿನವಳು ಕಟ್ಟಿನಲ್ಲಿ ಎರಡು ಕಡ್ಡಿ ಕಮ್ಮಿ ಇಟ್ಟರೆ ಅಕ್ಕ ಗೇಟಿನಲ್ಲೇ ಹಿಡಿಯುತ್ತಾರೆ. ಗ್ಯಾಸಿನ ಹುಡುಗ ಸಿಲಿಂಡರ್ ತೂಗಿ ತೋರಿಸದೆ ಕದಲುವಂತಿಲ್ಲ. ಇಂಥವರನ್ನು ಡಾಕ್ಟರು ಗೆದ್ದದ್ದು ಗುಲಾಬಿ ಹೂವಿನ ಇಮೋಜಿಯಿಂದಲ್ಲ, ದಿನಕ್ಕೆ ಮೂರು ಹೊತ್ತು "ಊಟ ಆಯ್ತಾ?" ಎಂದು ಕೇಳಿ. ಕೇಳುತ್ತಿದ್ದುದು ಇಂಗ್ಲಿಷಿನಲ್ಲಿ, ಆದರೂ ಕೇಳುತ್ತಿದ್ದರು. ಆಯ್ತು ಎಂದರೆ ಏನು ಸಾರು ಎಂದು ವಿಚಾರಿಸುತ್ತಿದ್ದರು. ಅಕ್ಕನ ಸಾರಿನ ಬಗ್ಗೆ ವಿಚಾರಿಸಿದ ಗಂಡಸು ಈ ಬೀದಿಯಲ್ಲಿ ಬೇರೊಬ್ಬನಿಲ್ಲ.

ಹಾಗೆಂದು ಸಂಶಯ ಬರಲಿಲ್ಲವೆಂದಲ್ಲ. ತಂದೆ ಇಂಗ್ಲಿಷಿನವರು, ತಾಯಿ ಮಂಡ್ಯದವರು ಎಂದು ಪ್ರೊಫೈಲಿನಲ್ಲಿತ್ತು. ಅಕ್ಕನ ತವರು ಮದ್ದೂರು. "ಮಂಡ್ಯದಲ್ಲಿ ಯಾವ ಕಡೆ?" ಎಂದು ಕೇಳಿದರು. ಬಹಳ ಹೊತ್ತು ಟೈಪಿಂಗ್, ಟೈಪಿಂಗ್ ಎಂದು ತೋರಿಸಿ ಉತ್ತರ ಬಂತು: ಬೀಚಿನ ಹತ್ತಿರ.

"ಮಂಡ್ಯಕ್ಕೆ ಬೀಚು ಯಾವಾಗ ಬಂತಕ್ಕಾ?" ಎಂದೆ.

"ಪಾಪ, ಚಿಕ್ಕೋರಿದ್ದಾಗ್ಲೇ ಬಿಟ್ಟು ಹೋದೋರಂತೆ ಕಣಪ್ಪ. ಕೆಆರ್‌ಎಸ್ ಹಿನ್ನೀರು ನೋಡಿ ಹಂಗಂದ್ಕೊಂಡಿರ್ಬೇಕು."

ಮೋಸಗಾರನ ಅರ್ಧ ಕೆಲಸವನ್ನು ನಾವೇ ಮಾಡಿಕೊಡುತ್ತೇವೆ. ಅವನ ಕಥೆಯಲ್ಲಿ ಎಲ್ಲಿ ಹರಿದಿದೆಯೋ ಅಲ್ಲಿಗೆ ತೇಪೆ ಹಾಕುವವರು ನಾವು, ಅದೂ ಸ್ವಂತ ಖರ್ಚಿನಲ್ಲಿ.

ಸ್ವಲ್ಪ ದಿನಕ್ಕೆ ಲಂಡನ್ನಿನಿಂದ ಪಾರ್ಸಲ್ ಹೊರಟಿತು. ಮುಂಚಿತವಾಗಿ ಫೋಟೊ ಬಂತು: ಐಫೋನು, ಚಿನ್ನದ ವಾಚು, ಸೆಂಟು, ಹೈ ಹೀಲ್ಸು, ಒಂದು ಟೆಡ್ಡಿ. ಟೆಡ್ಡಿಯ ಹೊಟ್ಟೆಯಲ್ಲಿ ಐವತ್ತು ಸಾವಿರ ಪೌಂಡು ಇಟ್ಟಿದ್ದೇನೆ, ಯಾರಿಗೂ ಹೇಳಬೇಡ. ಅಕ್ಕನಿಗೆ ಮಂಡಿನೋವು, ಮೆಟ್ಟಿಲು ಹತ್ತಲೂ ಆಗುವುದಿಲ್ಲ. ಅಂಥವರಿಗೆ ಮೂಳೆ ಡಾಕ್ಟರು ಹೈ ಹೀಲ್ಸ್ ಕಳಿಸಿದ್ದರು! ಮಂಡ್ಯದ ಬೀಚಿನ ವಿಷಯ ಹೇಳಿದ್ದ ಅಕ್ಕ ಟೆಡ್ಡಿಯ ವಿಷಯ ನನಗೆ ಹೇಳಲಿಲ್ಲ. "ಯಾರಿಗೂ ಹೇಳಬೇಡ" ಎಂಬ ಮಾತನ್ನು ಡಾಕ್ಟರು ಸುಮ್ಮನೆ ಬರೆಯುವುದಿಲ್ಲ.

ಆಮೇಲೆ ದೆಹಲಿ ಏರ್‌ಪೋರ್ಟಿನ "ಕಸ್ಟಮ್ಸ್ ಆಫೀಸರಮ್ಮ"ನ ಫೋನು. ಪಾರ್ಸಲ್ ಹಿಡಿದಿದ್ದೇವೆ, 38,500 ಕಟ್ಟಿ, ಇಲ್ಲದಿದ್ದರೆ ಕೇಸು. ಕಟ್ಟಬೇಕಾದ್ದು ಸರ್ಕಾರಕ್ಕಲ್ಲ, ಯಾವನೋ ಒಬ್ಬನ ಸೇವಿಂಗ್ಸ್ ಖಾತೆಗೆ. ಅಕ್ಕ ಕಟ್ಟಿಬಿಟ್ಟರು. ಮಾರನೇ ದಿನ ಮತ್ತೆ ಫೋನು: ಸ್ಕ್ಯಾನಿನಲ್ಲಿ ಪೌಂಡು ಕಂಡಿದೆ, ಮನಿ ಲಾಂಡರಿಂಗ್ ಸರ್ಟಿಫಿಕೇಟಿಗೆ 1,45,000. ಅತ್ತ ಡಾಕ್ಟರು ಸಾಲುಸಾಲು ಇಮೋಜಿಗಳಲ್ಲಿ ಅಳುತ್ತಿದ್ದರು.

ಅಷ್ಟು ಹೊತ್ತಿಗೆ ಅಕ್ಕನೊಳಗಿನ ಕೆಇಬಿ ಎದ್ದು ಕೂತಿತು. "ಮೊದ್ಲು ಕಟ್ಟಿದ್ದಕ್ಕೆ ರಸೀದಿ ಕಳಿಸಿ, ಆಮೇಲೆ ಮುಂದಿನ ಮಾತು."

ಪ್ರೇಮದಲ್ಲಿ ರಸೀದಿ ಕೇಳುವವರನ್ನು ಆಫೀಸರಮ್ಮ ಕಂಡಿರಲಿಲ್ಲವೇನೋ, ಸುಮಾರು ಹೊತ್ತು ಹಿಡಿಯಿತು. ವಾಟ್ಸಾಪಿನಲ್ಲಿ ಬಂದ ರಸೀದಿಯ ತಲೆಯ ಮೇಲೆ ಸಿಂಹದ ಲಾಂಛನ, ಮಧ್ಯೆ ರಿಸರ್ವ್ ಬ್ಯಾಂಕಿನ ಸೀಲು, ಕೆಳಗೆ ಮೂವರು ಅಧಿಕಾರಿಗಳ ಸಹಿ. ಅಕ್ಕ ಕನ್ನಡಕ ಏರಿಸಿಕೊಂಡು ನೋಡಿದರು. ಮೂರೂ ಸಹಿಯ ಬಾಲ ಒಂದೇ ಕಡೆಗೆ ಸುತ್ತಿಕೊಂಡಿತ್ತು. ತಾರೀಖು ನೋಡಿದರು, ಭಾನುವಾರ. ತಾನು ದುಡ್ಡು ಕಟ್ಟಿದ್ದೂ ಭಾನುವಾರವೇ ಎಂಬುದು ಹೊಳೆದದ್ದು ಆಗ. "ಭಾನುವಾರ ಕೂತ್ಕೊಂಡು ರಸೀದಿ ಹರಿಯೋ ಗುಮಾಸ್ತ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ" ಎಂದು ನಮ್ಮ ಮನೆಗೆ ಬಂದು ಎಲ್ಲವನ್ನೂ ಹೇಳಿದರು. ಅಸಲಿ ಕಸ್ಟಮ್ಸ್ ಪತ್ರಗಳಿಗೆ 2019ರಿಂದ ಡಿನ್ ಎಂಬ ನಂಬರು ಇರುತ್ತದೆ, ಇಲಾಖೆಯ ಜಾಲತಾಣದಲ್ಲಿ ಹಾಕಿ ಪರೀಕ್ಷಿಸಿಕೊಳ್ಳಬಹುದು. ಈ ರಸೀದಿಯಲ್ಲಿ ಸಿಂಹ ಬಿಟ್ಟರೆ ಬೇರೇನೂ ಇರಲಿಲ್ಲ.

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ತಡಮಾಡದೆ ಹೇಳಿದರೆ, ಖಾತೆಯಿಂದ ಖಾತೆಗೆ ಹಾರುತ್ತಿರುವ ದುಡ್ಡನ್ನು ಬ್ಯಾಂಕು ನಡುವೆಯೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಅಕ್ಕನದರಲ್ಲಿ ಒಂಬತ್ತು ಸಾವಿರ ಹಾಗೆ ಸಿಕ್ಕಿಕೊಂಡಿತು, ಉಳಿದದ್ದನ್ನು ಆಗಲೇ ಎಟಿಎಮ್ಮಿನಲ್ಲಿ ಎತ್ತಿಯಾಗಿತ್ತು. ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಪೇದೆ ತಲೆಯೆತ್ತದೆ ಕೇಳಿದ: "ಲವ್ವಾ ಮೇಡಂ, ಮ್ಯಾರೇಜಾ?"

"ಪಾರ್ಸಲ್ ಅಂತ ಬರ್ಕೊಳಪ್ಪ" ಎಂದರು ಅಕ್ಕ.

ಅಕ್ಕನ ನಾದಿನಿಯ ಮಗ ಆ ಫೋಟೊವನ್ನು ಗೂಗಲ್ ಲೆನ್ಸಿಗೆ ಹಾಕಿದ. ಅದೇ ಮುಖ ಒಂದು ಕಡೆ ಹಡಗಿನ ಎಂಜಿನಿಯರು, ಇನ್ನೊಂದು ಕಡೆ ಅಮೆರಿಕದ ಸೇನಾಧಿಕಾರಿ. ಮುಖದ ಅಸಲಿ ಒಡೆಯ ಎಲ್ಲೋ ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿರುತ್ತಾನೆ. ತನಗೆ ಊರೂರಿನಲ್ಲಿ ಮದುವೆ ಗೊತ್ತಾಗಿರುವುದು ಅವನಿಗೇ ಗೊತ್ತಿರುವುದಿಲ್ಲ.

ಹಾಗಾದರೆ ಅಕ್ಕನ ಸಾರು ವಿಚಾರಿಸುತ್ತಿದ್ದವರು ಯಾರು? ಯಾವುದೋ ಬಾಡಿಗೆ ರೂಮಿನ ನಾಲ್ಕು ಜನ ಇರಬಹುದು, ಪಾಳಿ ಹಾಕಿಕೊಂಡು ಪ್ರೀತಿಸುವವರು. ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಂತೂ ಸುತ್ತ ಬೇಲಿ ಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಜನರನ್ನು ಕೂರಿಸಿ ಟೈಪ್ ಮಾಡಿಸುತ್ತಾರೆ. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಹೋಗಿ ಅಲ್ಲಿ ಸಿಕ್ಕಿಬಿದ್ದ ನೂರಾರು ಭಾರತೀಯರನ್ನು 2025ರ ಮಾರ್ಚಿನಲ್ಲಿ ಥಾಯ್ಲೆಂಡಿನಿಂದ ವಾಯುಪಡೆಯ ವಿಮಾನಗಳಲ್ಲಿ ವಾಪಸು ಕರೆತರಬೇಕಾಯಿತು. ಆ ಕಡೆ ಡಾಕ್ಟರು ಹಳಬರಾದರು. ಅಲ್ಲೀಗ ಅವರು ಸಿಂಗಪುರದಲ್ಲಿ ಬಟ್ಟೆ ವ್ಯಾಪಾರ ಮಾಡುವ ಚೆಲುವೆಯಾಗಿ, ರಾಂಗ್ ನಂಬರಿನಿಂದ ಪರಿಚಯವಾಗುತ್ತಾರೆ.

ಅಕ್ಕನ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕವನು ಅವರ ಮಹಡಿಯ ಬಾಡಿಗೆದಾರ, ಸಾಫ್ಟ್‌ವೇರ್ ಹುಡುಗ. ನಕ್ಕು ಮುಗಿಸಿ, ತನಗೂ ಸಿಂಗಪುರದ ಗೆಳತಿಯೊಬ್ಬಳು ಇದ್ದಾಳೆಂದ.

"ನಮ್ದು ಹಂಗಲ್ಲ ಆಂಟಿ. ಅವ್ಳು ಒಂದ್ ಪೈಸೆ ಕೇಳಿಲ್ಲ. ಟ್ರೇಡಿಂಗ್ ಆ್ಯಪ್ ಹೇಳ್ಕೊಟ್ಟಿದಾಳೆ ಅಷ್ಟೆ. ಹತ್ತು ಸಾವ್ರ ಹಾಕ್ದೆ, ಹನ್ನೆರಡು ಬಂತು, ಡ್ರಾ ಕೂಡ ಮಾಡ್ಕೊಂಡೆ. ನಾಳೆ ಎಫ್‌ಡಿ ಮುರ್ಸಿ ಐದು ಲಕ್ಷ ಹಾಕ್ತಿದೀನಿ."

ಅಕ್ಕ ಅವನನ್ನೇ ನೋಡುತ್ತ ಕೇಳಿದರು: "ಊಟ ಆಯ್ತಾ ಅಂತ ಕೇಳ್ತಾಳಾ?"

"ಮೂರು ಹೊತ್ತೂ" ಎಂದ ಹುಡುಗ, ನಾಚಿಕೊಂಡು.

"ಹಂಗಾದ್ರೆ ಮೇಲೆ ಹೋಗಿ ಎಫ್‌ಡಿ ಬಾಂಡು ತಗೊಂಡ್ ಬಾ. ನನ್ನ ಬೀರುವಿನಲ್ಲಿರ್ಲಿ. ರಸೀದಿ ಬರ್ಕೊಡ್ತೀನಿ."