ಗೋಡೆ ಎಳೆದರೆ ಸೂರೂ ಬಂತು

ಯಲ್ಲದಕೆರೆಯ ನಮ್ಮ ಸೈಟಿನಲ್ಲಿ ಮೇಸ್ತ್ರಿ ಗುದ್ದಲಿ ಹಾಕುವ ಮುಂಚೆಯೇ ನಾನು ಆರು ಮನೆ ಕಟ್ಟಿ ಕೆಡವಿದ್ದೇನೆ. ಒಂದು ಇಟ್ಟಿಗೆ ಖರ್ಚಿಲ್ಲ. ರಜೆಗೆ ಬಂದಿದ್ದ ಅಣ್ಣನ ಮಗ ಲ್ಯಾಪ್‌ಟಾಪಿಗೆ ಮನೆ ಬಿಡಿಸೋ ಸ್ಕೆಚ್‌ಅಪ್ ಹಾಕಿಕೊಟ್ಟು, "ತಪ್ಪಾದ್ರೆ ಕಂಟ್ರೋಲ್ ಝೆಡ್ ಒತ್ತು ಚಿಕ್ಕಪ್ಪ" ಅಂದು ಬೆಂಗಳೂರು ಬಸ್ ಹತ್ತಿದ. ನಾನು ಕೆಟ್ಟಿದ್ದೇ ಆ ಮಾತಿನಿಂದ.

ಅಡುಗೆಮನೆ ಆಗ್ನೇಯಕ್ಕೆ ಸರಿಯಬೇಕು ಅಂತ ವಾಸ್ತು ಬಲ್ಲ ಮಾವನ ಅಪ್ಪಣೆಯಾಯಿತು. ಗೋಡೆ ಹಿಡಿದು ಎಳೆದೆ. ಗೋಡೆ ಜೊತೆ ಸೂರೂ ಬಂತು, ಸೂರಿನ ಬಾಲ ಹಿಡಿದು ದೇವರಮನೆ ಸೊಟ್ಟಗಾಯಿತು. ಇದರಲ್ಲಿ ಒಂದಕ್ಕೊಂದು ತಾಗಿದ್ದೆಲ್ಲ ಅಂಟಿಕೊಳ್ಳುತ್ತವೆ, ಥೇಟ್ ಒಟ್ಟು ಕುಟುಂಬ. ಪರಿಹಾರ ಏನಪ್ಪಾ ಅಂದ್ರೆ, ಗೋಡೆ, ಸೂರು, ಕಿಟಕಿ ಒಂದೊಂದನ್ನೂ ಎಳೆದ ಕೂಡಲೇ ಬೇರೆ ಬೇರೆ ಗ್ರೂಪ್ ಮಾಡಿಬಿಡಬೇಕು. ಹೆಸರಿಗೆ ಗ್ರೂಪ್, ಮಾಡೋ ಕೆಲಸ ಪಾಲು! ಬೇರೆ ಒಲೆ ಹೂಡಿದ ಮೇಲೆ ಯಾರ ತಂಟೆಗೂ ಯಾರೂ ಹೋಗೋಲ್ಲ.

ನನಗೆ ದೇವರಮನೆ ಸೊಟ್ಟಗಾದದ್ದು ಕಂಡಿದ್ದೇ ಎರಡು ಗಂಟೆ ಆದ ಮೇಲೆ. ಒತ್ತಿದೆ ಕಂಟ್ರೋಲ್ ಝೆಡ್ಡು. ನೂರು ಹೆಜ್ಜೆ ಹಿಂದಕ್ಕೆ ಬಂದು ನಿಂತುಬಿಟ್ಟಿತು, ಅದಕ್ಕಿಂತ ಹಿಂದೆ ಹೋಗೋ ಜಾಯಮಾನ ಅದರದ್ದಲ್ಲ. ಸಿಟ್ಟಿನಲ್ಲಿ ಸೇವ್ ಮಾಡಿ ಮುಚ್ಚಿದೆ. ಬೆಳಗ್ಗೆ ತೆಗೆದರೆ ಆ ನೂರೂ ಇಲ್ಲ. ಐದು ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುತ್ತದಂತೆ. ಕರೆಂಟು ಹೋದರೆ ಕಾಪಾಡೀತು, ಬುದ್ಧಿ ಹೋದರೆ ತಪ್ಪನ್ನೇ ಉಳಿಸುತ್ತೆ.

ನಮ್ಮ ಹಿರಿಯೂರಿನ ಮಾರಿಕಣಿವೆ ಕಟ್ಟಿದವರಿಗೆ ಇಷ್ಟೂ ಇರಲಿಲ್ಲ ಅನ್ನಿ. ಕಟ್ಟೆ ಮುಗಿದದ್ದು 1907ರಲ್ಲಿ, ತುಂಬಿದ್ದು 1933ರಲ್ಲಿ, ಆಮೇಲೆ ಕೋಡಿ ಬಿದ್ದದ್ದು 2022ಕ್ಕೆ. ಲೆಕ್ಕ ತಪ್ಪಿದ್ದರೆ ಯಾವ ಗುಂಡಿ ಒತ್ತುತ್ತಿದ್ದರು?

ಕೊನೆಗೆ ಬುದ್ಧಿ ಹೇಳಿದವನು ಮೇಸ್ತ್ರಿ. ಪಾಯದ ಗುರುತು ಅರ್ಧ ಅಡಿ ತಪ್ಪಿತ್ತು. ಗೂಟ ಕೀಳಲು ಹೋದೆ, ಕೈ ಹಿಡಿದ. "ತಡೀರಿ ಸ್ವಾಮಿ, ಹೊಸ ದಾರ ಬಿಗಿದು ಮೂಲೆಮಟ್ಟ ನೋಡೋವರೆಗೂ ಹಳೇ ಗೂಟ ಕೀಳಬಾರದು" ಅಂದ. ಹಳೇ ಗೂಟದ ಪಕ್ಕ ಹೊಸದು ಹೊಡೆದು, ದಾರ ಬಿಗಿದು, ಕರ್ಣ ಅಳೆದು, ಆಮೇಲೆ ಹಳೇದಕ್ಕೆ ಕೈ ಹಾಕಿದ. ಸೇವ್ ಆ್ಯಸ್ ಅಂದರೆ ಇದೇ ತಾನೆ! ಲ್ಯಾಪ್‌ಟಾಪ್ ಮುಟ್ಟದವನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಈಗ ಯಾವುದಕ್ಕೇ ಕೈ ಹಚ್ಚಲಿ, ಮೊದಲು ಬೇರೆ ಹೆಸರಿನಲ್ಲಿ ಒಂದು ನಕಲು ಇಡುತ್ತೇನೆ. ಒಂಬತ್ತು ಫೈಲಾಗಿವೆ. ಒಂದರ ಹೆಸರು 'ಮಾವ ಬರೋ ಮುಂಚೆ', ಇನ್ನೊಂದು 'ಮಾವ ಹೋದ ಮೇಲೆ'. ಸೈಟಿನಲ್ಲಿ ಮಾತ್ರ ಇವತ್ತಿಗೂ ನಾಲ್ಕು ಗೂಟ, ಒಂದಿಷ್ಟು ಜಾಲಿ.